ಗೌಟ್‌ಗೆ ಎರಡು ಥರದ ಮಾತ್ರೆ, ಇದನ್ನ ಯಾರೂ ಬಿಡಿಸಿ ಹೇಳಲ್ಲ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೆ ಕೈಗೆ ಬಂದ್ರೆ ನಾನು ಮೊದಲು ತೆಗೆಯೋದೇ ಆರೋಗ್ಯದ ಪುಟ. ಯೂರಿಕ್ ಆಸಿಡ್ ಬಗ್ಗೆ ಎಲ್ಲೇ ಯಾರೇ ಬರೆದ್ರೂ ಏನು ತಿನ್ನಬಾರ್ದು ಏನು ಕುಡೀಬಾರ್ದು ಅನ್ನೋ ಪಟ್ಟಿನೇ ಮುಕ್ಕಾಲು ಭಾಗ ಇರತ್ತೆ, ಮಾತ್ರೆ ಬಗ್ಗೆ ಬರೋದು ಕೊನೇಲಿ ಒಂದೇ ಒಂದು ಸಾಲು, ವೈದ್ಯರ ಸಲಹೆ ಪಡೆಯಿರಿ ಅಂತ. ಹನ್ನೊಂದು ವರ್ಷದಿಂದ ಗೌಟ್, ಅಂದ್ರೆ ಯೂರಿಕ್ ಆಸಿಡ್ ಹೆಚ್ಚಾಗಿ ಕೀಲು ಊದಿ ನೋಯೋ ಕಾಯಿಲೆ, ಇಟ್ಕೊಂಡಿರೋ ನನಗೆ ಆ ಒಂದು ಸಾಲು ಸಾಕಾಗಲಿಲ್ಲ, ಅದ್ರಿಂದ ನನ್ನ ಕಿಡ್ನಿಗೆ ಏಟು ಬಿತ್ತು, ಅದ್ಕೇ ಈ ಪತ್ರ ಬರೀತಿದೀನಿ. ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಕತ್ತರಿಸಬೇಡಿ.

ಮೊದಲ ಸಲ ಬಂದಿದ್ದು ರಾತ್ರಿ ಎರಡು ಗಂಟೆಗೆ. ಬಲಗಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿ ಉರೀತಿತ್ತು, ಹೊದ್ದಿದ್ದ ಬಟ್ಟೆ ತಾಗಿದ್ರೂ ಪ್ರಾಣ ಹೋದ ಹಾಗಾಗ್ತಿತ್ತು. ಬೆಳಗ್ಗೆ ಮೆಡಿಕಲ್ ಶಾಪಲ್ಲಿ ಕೇಳಿ ಒಂದು ಪೇನ್ ಕಿಲ್ಲರ್ ತಗೊಂಡೆ, ನಾಲ್ಕು ದಿನಕ್ಕೆ ಇಳೀತು, ಮರೆತೂ ಹೋಯ್ತು. ಮತ್ತೆ ಬಂತು, ಮತ್ತೆ ಅದೇ ಮಾತ್ರೆ. ಮೂರನೇ ಸಲಕ್ಕೆ ಡಾಕ್ಟರ ಹತ್ರ ಹೋದೆ, ಅವರು ರಕ್ತ ಪರೀಕ್ಷೆ ಮಾಡಿಸಿ ದಿನಾ ತಗೊಳ್ಳೋಕೆ ಅಲೋಪ್ಯೂರಿನಾಲ್ ಅಂತ ಬರೆದ್ರು. ಎಷ್ಟು ದಿನ ತಗೋಬೇಕು, ಯಾಕೆ ತಗೋಬೇಕು, ಶುರುವಲ್ಲಿ ಏನಾಗಬಹುದು, ಒಂದೂ ಹೇಳಲಿಲ್ಲ, ಹೊರಗಡೆ ಇನ್ನೂ ಇಪ್ಪತ್ತು ಜನ ಕೂತಿದ್ರು. ತಗೊಂಡ ಮೂರನೇ ವಾರಕ್ಕೆ ಹಿಂದೆಂದೂ ಬರದಷ್ಟು ಜೋರಾಗಿ ನೋವು ಬಂತು, ಈ ಸಲ ಮಂಡಿಗೆ. ಈ ಮಾತ್ರೆನೇ ನನಗೆ ಆಗಲ್ಲ ಅಂತ ಸ್ಟ್ರಿಪ್ಪನ್ನೇ ಕಸಕ್ಕೆ ಎಸೆದೆ.

ಆಮೇಲೆ ಆರು ವರ್ಷ ಬರೀ ಪೇನ್ ಕಿಲ್ಲರ್‌ನಲ್ಲೇ ಕಳೆದೆ.

ಆ ಮೂರನೇ ವಾರದ ನೋವು ಯಾಕೆ ಬಂತು ಅಂತ ಆವತ್ತೇ ಒಬ್ಬರು ಎರಡು ನಿಮಿಷ ಹೇಳಿದ್ರೆ ನನ್ನ ಕಥೆನೇ ಬೇರೆ ಆಗ್ತಿತ್ತು. ನಮ್ಮ ರಕ್ತದಲ್ಲಿ ಯೂರಿಕ್ ಆಸಿಡ್ ಡೆಸಿಲೀಟರ್‌ಗೆ ಸುಮಾರು 6.8 ಮಿಲಿಗ್ರಾಂ ದಾಟಿದ್ರೆ ಪೂರ್ತಿ ಕರಗಿರಕ್ಕಾಗಲ್ಲ, ಉಪ್ಪು ಜಾಸ್ತಿ ಆದಾಗ ನೀರಲ್ಲಿ ಕರಗದೆ ತಳದಲ್ಲಿ ಕೂರತ್ತಲ್ಲ ಹಾಗೆ ಕೀಲುಗಳಲ್ಲಿ ಸೂಜಿಯಂಥ ಹರಳಾಗಿ ವರ್ಷಗಟ್ಟಲೆ ಕೂರ್ತಾ ಹೋಗತ್ತೆ. ದಿನಾ ತಗೊಳ್ಳೋ ಮಾತ್ರೆ ರಕ್ತದಲ್ಲಿರೋದನ್ನ ಇಳಿಸಿದ ಮೇಲೆ ಆ ಹಳೇ ಹರಳು ನಿಧಾನಕ್ಕೆ ಸಡಿಲ ಆಗಿ ಕರಗಕ್ಕೆ ಶುರು ಆಗತ್ತೆ, ಹಾಗೆ ಅಲುಗಾಡಿದಾಗ್ಲೇ ಆ ನೋವು ಏಳೋದು. ಅಂದ್ರೆ ಮಾತ್ರೆ ಕೆಲಸ ಮಾಡ್ತಿದೆ ಅಂತ ಅರ್ಥ, ಆಗಲ್ಲ ಅಂತ ಅಲ್ಲ! ಇದು ಗೊತ್ತಿರೋದಕ್ಕೇ ಶುರುವಿನ ಮೂರರಿಂದ ಆರು ತಿಂಗಳು ಜೊತೇಲಿ ಕಡಿಮೆ ಡೋಸಲ್ಲಿ ಕೋಲ್ಚಿಸಿನ್ ಅನ್ನೋ ಊತ ಇಳಿಸೋ ಮಾತ್ರೆ ಅಥವಾ ಅವರವರಿಗೆ ಹೊಂದೋ ಬೇರೆ ಔಷಧಿ ಕೊಡ್ತಾರೆ, ಅಲೋಪ್ಯೂರಿನಾಲನ್ನೂ ಒಮ್ಮೆಲೇ ದೊಡ್ಡ ಡೋಸಲ್ಲಿ ಕೊಡದೆ ದಿನಕ್ಕೆ 100 ಮಿ.ಗ್ರಾಂ.ನಿಂದ, ಕಿಡ್ನಿ ಸರಿ ಇಲ್ಲದವರಿಗೆ ಇನ್ನೂ ಕಡಿಮೆಯಿಂದ ಶುರು ಮಾಡಿ ಕೆಲವು ವಾರಕ್ಕೊಂದ್ಸಲ ರಕ್ತ ನೋಡ್ಕೊಂಡು ಏರಿಸ್ತಾರೆ. ನನಗೆ ಕೊಟ್ಟಿದ್ದು ಮೊದಲ ದಿನವೇ 300, ಜೊತೇಲಿ ಬೇರೇನೂ ಇರಲಿಲ್ಲ.

ನಾನು ಹೇಳಬೇಕು ಅಂತಿರೋ ಮುಖ್ಯ ಮಾತು ಇದು. ಗೌಟ್‌ಗೆ ಔಷಧಿ ಅಂದ್ರೆ ಎರಡು ಬೇರೆ ಬೇರೆ ಸಾಮಾನು. ಒಂದು ನೋವು ಬಂದಾಗ ಕೆಲವು ದಿನ ತಗೊಳ್ಳೋದು, ಪೇನ್ ಕಿಲ್ಲರ್, ಕೋಲ್ಚಿಸಿನ್, ಸ್ಟೀರಾಯ್ಡ್ ಇವೆಲ್ಲ ಆ ಕಡೆ, ಇವು ಊತ ಇಳಿಸ್ತವೆ ಹೊರತು ಒಂದು ಹರಳನ್ನೂ ಕರಗಿಸಲ್ಲ. ಇನ್ನೊಂದು ನೋವಿದ್ರೂ ಇಲ್ದಿದ್ರೂ ದಿನಾ ತಗೊಳ್ಳೋದು, ಅಲೋಪ್ಯೂರಿನಾಲ್, ಫೆಬುಕ್ಸೋಸ್ಟ್ಯಾಟ್ ಅಂಥವು, ಇವು ನೋವಿನ ಮಾತ್ರೆ ಅಲ್ಲವೇ ಅಲ್ಲ. ನಾವು ಮಾಡೋದು ಸರಿಯಾಗಿ ಉಲ್ಟಾ, ನೋವಿನ ಮಾತ್ರೆನ ತಿಂಗಳುಗಟ್ಟಲೆ ನುಂಗ್ತೀವಿ, ದಿನಾ ತಗೋಬೇಕಾದ್ದನ್ನ ನೋವು ಹೋದ ವಾರವೇ ಬಿಡ್ತೀವಿ, ಇನ್ನು ಕೆಲವರು ನೋವು ಬಂದಾಗ ಅಲೋಪ್ಯೂರಿನಾಲ್ ಎರಡು ನುಂಗಿದ್ರೆ ಇಳಿಯತ್ತೆ ಅಂದ್ಕೊಂಡಿದಾರೆ. ಇಳಿಯಲ್ಲ. ಮೊದಲಿಂದ ತಗೊಳ್ತಾ ಇದ್ರೆ ನೋವಿನ ಮಧ್ಯೆ ನಿಲ್ಲಿಸಬಾರ್ದು ಅಷ್ಟೆ, ಅದರ ಪಾಡಿಗೆ ಅದು ನಡೀತಿರಬೇಕು. ನಿಲ್ಲಿಸಿದ್ರೆ ಕೆಲವೇ ವಾರದಲ್ಲಿ ರಕ್ತದಲ್ಲಿ ಯೂರಿಕ್ ಆಸಿಡ್ ಹಳೇ ಮಟ್ಟಕ್ಕೇ ಬರತ್ತೆ.

ಪೇನ್ ಕಿಲ್ಲರ್ ವಿಷಯ ಬಿಡಿಸೇ ಹೇಳ್ತೀನಿ, ನಾನು ಅನುಭವಿಸಿರೋದು ಅದನ್ನೇ. ಡೈಕ್ಲೋಫೆನ್ಯಾಕ್, ಇಂಡೋಮೆಥಾಸಿನ್, ನ್ಯಾಪ್ರೋಕ್ಸೆನ್ ಇವೆಲ್ಲ ಒಂದೇ ಗುಂಪು. ಆರೋಗ್ಯವಾಗಿರೋ ಮನುಷ್ಯನಿಗೆ ಮೂರ್ನಾಕು ದಿನ ಕೊಟ್ರೆ ಸರಿ, ಆದ್ರೆ ಗೌಟ್ ಇರೋರಲ್ಲಿ ತುಂಬ ಜನಕ್ಕೆ ಬಿಪಿ, ಶುಗರ್, ಕಿಡ್ನಿ, ಹೃದಯ ಯಾವುದಾದ್ರೂ ಒಂದು ತೊಂದರೆ ಜೊತೇಲೇ ಇರತ್ತೆ, ಅಂಥವರಿಗೆ ಈ ಮಾತ್ರೆ ಕಿಡ್ನಿಗೆ ಹೋಗೋ ರಕ್ತನ ಕಡಿಮೆ ಮಾಡತ್ತೆ, ಬಿಪಿ ಏರಿಸತ್ತೆ, ಹೊಟ್ಟೇಲಿ ಹುಣ್ಣು ಮಾಡತ್ತೆ, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಿಗಂತೂ ಒಳಗೇ ರಕ್ತಸ್ರಾವ ಆಗಬಹುದು. ನಾನು ಎರಡು ಬೇರೆ ಬೇರೆ ಹೆಸರಿನ ಮಾತ್ರೆ ಒಟ್ಟಿಗೆ ತಗೊಳ್ತಿದ್ದೆ, ಒಂದು ಸೊಂಟ ನೋವಿಗೆ ಒಂದು ಕಾಲಿಗೆ, ಎರಡರ ಒಳಗೂ ಇದ್ದಿದ್ದು ಡೈಕ್ಲೋಫೆನ್ಯಾಕೇ ಅಂತ ನನಗೆ ಗೊತ್ತೇ ಇರಲಿಲ್ಲ. ಮೊಣಕೈ ಮೇಲೆ ಆ ಹರಳುಗಳೇ ಸೇರಿ ಗಟ್ಟಿ ಗಂಟು ಎದ್ದಿತ್ತು, ಅದನ್ನ ತೋರಿಸಕ್ಕೆ ಹೋದಾಗ ಹೊಸ ಡಾಕ್ಟರಮ್ಮ ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ರಕ್ತ ಪರೀಕ್ಷೆ ನೋಡಿ ಸುಮ್ಮನೆ ಸ್ವಲ್ಪ ಹೊತ್ತು ಕೂತ್ರು. ಆಮೇಲೆ ಮನೇಲಿರೋ ಎಲ್ಲ ಮಾತ್ರೆನೂ ಒಂದು ಚೀಲಕ್ಕೆ ಹಾಕ್ಕೊಂಡು ನಾಳೆ ಬನ್ನಿ ಅಂದ್ರು. ಆ ಚೀಲ ಮೇಜಿನ ಮೇಲೆ ಸುರಿದು ಒಂದೊಂದಾಗಿ ವಿಂಗಡಿಸಿದ್ರು ನೋಡಿ, ಅಷ್ಟು ವರ್ಷದಲ್ಲಿ ನನಗೆ ಸಿಕ್ಕಿದ ನಿಜವಾದ ಚಿಕಿತ್ಸೆ ಅಲ್ಲಿಂದಲೇ ಶುರು.

ಕೋಲ್ಚಿಸಿನ್ ಬಗ್ಗೆ ಕೂಡ ಜನಕ್ಕೆ ತಿಳಿಬೇಕು. ಸಣ್ಣ ಮಾತ್ರೆ, ಆದ್ರೆ ಉಪಯೋಗ ಆಗೋ ಡೋಸ್‌ಗೂ ವಿಷ ಆಗೋ ಡೋಸ್‌ಗೂ ನಡುವೆ ಅಂತರ ಬಹಳ ಕಮ್ಮಿ, ಅತಿ ಆದ್ರೆ ಇಳಿಸಕ್ಕೆ ಸುಲಭದ ಪ್ರತಿವಿಷ ಇಲ್ಲ. ಹಿಂದೆಲ್ಲ ಗಂಟೆಗೊಂದು ತಗೋ, ಭೇದಿ ಆದ್ಮೇಲೆ ನಿಲ್ಲಿಸು ಅಂತಿದ್ರು. ಆ ಭೇದಿನೇ ವಿಷದ ಮೊದಲ ಸೂಚನೆ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಟ್ಟು 1.8 ಮಿ.ಗ್ರಾಂ. ಕೊಟ್ಟವರಿಗೂ 4.8 ಮಿ.ಗ್ರಾಂ. ಕೊಟ್ಟವರಿಗೂ ನೋವು ಇಳಿದಿದ್ದು ಹೆಚ್ಚುಕಮ್ಮಿ ಒಂದೇ ಥರ, ಭೇದಿ ವಾಂತಿ ಮಾತ್ರ ಜಾಸ್ತಿ ಡೋಸಿನವರಿಗೇ ಹೆಚ್ಚು. ಆದ್ರೂ ಹಳೇ ರೂಢಿ ಹೇಳೋರು ಇನ್ನೂ ಇದಾರೆ. ಗಂಟಲು ನೋವಿಗೋ ಕೆಮ್ಮಿಗೋ ಕೊಡೋ ಕ್ಲಾರಿಥ್ರೋಮೈಸಿನ್ ಅನ್ನೋ ಆಂಟಿಬಯಾಟಿಕ್, ಕೆಲವು ಫಂಗಸ್ ಮಾತ್ರೆ, ಬಿಪಿಗೆ ಕೊಡೋ ವೆರಾಪಮಿಲ್, ಡಿಲ್ಟಿಯಾಜೆಮ್ ಇವು ಜೊತೆ ಸೇರಿದ್ರೆ ಕೋಲ್ಚಿಸಿನ್ ದೇಹದಿಂದ ಹೊರಗೆ ಹೋಗದೆ ಒಳಗೇ ಏರ್ತಾ ಹೋಗತ್ತೆ, ಕಿಡ್ನಿ ವೀಕ್ ಇರೋರಲ್ಲಿ ಇದರಿಂದ ಸಾವೇ ಆಗಿದೆ. ಅದ್ಕೇ ಹೇಳೋದು, ಜ್ವರಕ್ಕೆ ಅಂತ ಬೇರೆ ಡಾಕ್ಟರ ಹತ್ರ ಹೋದಾಗ್ಲೂ ಗೌಟ್ ಮಾತ್ರೆ ಹೆಸರು ಹೇಳ್ಲೇಬೇಕು.

ಒಟ್ಟಿಗೆ ಸೇರಬಾರದ ಇಂಥದೇ ಇನ್ನೊಂದು ಜೋಡಿ ಇದೆ, ಅದರ ಹಿಂದೆ ಒಂದು ಕಥೆನೂ ಇದೆ. ಅಲೋಪ್ಯೂರಿನಾಲ್ ಹುಟ್ಟಿದ್ದು ಗೌಟ್‌ಗೆ ಅಂತ ಅಲ್ಲ. ಗರ್ಟ್ರೂಡ್ ಎಲಿಯನ್, ಜಾರ್ಜ್ ಹಿಚಿಂಗ್ಸ್ ಮತ್ತವರ ತಂಡದವರು ಲ್ಯುಕೇಮಿಯಾ ಅನ್ನೋ ರಕ್ತದ ಕ್ಯಾನ್ಸರ್‌ಗೆ ಕೊಡೋ ಮರ್ಕ್ಯಾಪ್ಟೊಪ್ಯೂರಿನ್ ದೇಹದಲ್ಲಿ ಬೇಗ ಒಡೆದು ಹೋಗ್ತಿದೆ, ಅದನ್ನ ಒಡೆಯೋ ಕಿಣ್ವವನ್ನೇ ತಡೆದ್ರೆ ಹೇಗೆ ಅಂತ ಹುಡುಕ್ತಾ ಇದನ್ನ ಹಿಡಿದ್ರು, ಅದೇ ಕಿಣ್ವ ಯೂರಿಕ್ ಆಸಿಡ್ ಕೂಡ ತಯಾರಿಸೋದರಿಂದ ಗೌಟ್‌ಗೆ ಔಷಧಿ ಸಿಕ್ತು, 1966ರಲ್ಲಿ ಬಳಕೆಗೆ ಬಂತು, ಅವರಿಬ್ಬರಿಗೂ 1988ರಲ್ಲಿ ನೊಬೆಲ್ ಬಂತು. ಈಗ ಯೋಚನೆ ಮಾಡಿ, ಕಿಡ್ನಿ ಕಸಿ ಆದವರೋ ಕರುಳಿನ ಕಾಯಿಲೆ ಇರೋರೋ ತಗೊಳ್ಳೋ ಅಜಾಥಯೋಪ್ರಿನ್ ದೇಹದೊಳಗೆ ಹೋಗಿ ಆಗೋದು ಅದೇ ಮರ್ಕ್ಯಾಪ್ಟೊಪ್ಯೂರಿನ್. ಅದರ ಜೊತೆ ಅಲೋಪ್ಯೂರಿನಾಲ್ ಅಥವಾ ಫೆಬುಕ್ಸೋಸ್ಟ್ಯಾಟ್ ಹಾಕ್ಕೊಂಡ್ರೆ ಅದು ಒಡೆಯದೆ ಉಳಿದು ಮೂಳೆಯೊಳಗಿನ ಮಜ್ಜೆಗೇ ಏಟು ಬಿದ್ದು, ಬಿಳಿ ರಕ್ತಕಣ ನೆಲ ಕಚ್ಚತ್ತೆ. ಎರಡು ಚೀಟಿ ಎರಡು ಡಾಕ್ಟರದ್ದು ಆದಾಗ ಇದನ್ನ ನೋಡೋರು ಯಾರು?

ಅಲೋಪ್ಯೂರಿನಾಲ್ ಶುರು ಮಾಡಿದ ಮೊದಲ ಎರಡು ಮೂರು ತಿಂಗಳಲ್ಲಿ ಮೈಮೇಲೆ ದದ್ದು ಎದ್ರೆ, ಜ್ವರ ಬಂದ್ರೆ, ಬಾಯಲ್ಲಿ ಹುಣ್ಣಾದ್ರೆ, ಕಣ್ಣು ಕೆಂಪಾದ್ರೆ ಆ ಕ್ಷಣವೇ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗ್ಬೇಕು, ನಾಳೆ ನೋಡೋಣ ಅನ್ನಬಾರ್ದು. ಅಪರೂಪಕ್ಕೆ ಆಗೋದು ಇದು, ಆದ್ರೆ ಹಾಗೇನಾದ್ರೂ ಆಯ್ತು ಅಂದ್ರೆ ಚರ್ಮ ಸುಲಿದು ಲಿವರ್ ಕಿಡ್ನಿಗೂ ಹತ್ತಿ ಜೀವಕ್ಕೇ ಅಪಾಯ. ಎಚ್‌ಎಲ್‌ಎ-ಬಿ 58:01 ಅನ್ನೋ ಜೀನ್ ಇರೋರಿಗೆ ಈ ಅಪಾಯ ತುಂಬ ಜಾಸ್ತಿ, ಅದು ಹೆಚ್ಚಾಗಿ ಕಾಣೋ ಚೀನಾದ ಹಾನ್, ಥಾಯ್, ಕೊರಿಯನ್ ಜನರಲ್ಲಿ ಮಾತ್ರೆಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿ ಅಂತಾರೆ. ಇದನ್ನ ಓದಿ ಹೆದರಿ ಯಾರೂ ಮಾತ್ರೆ ಬಿಡಬಾರ್ದು, ಏನು ನೋಡ್ಕೋಬೇಕು ಅಂತ ಗೊತ್ತಿದ್ರೆ ಸಾಕು. ಫೆಬುಕ್ಸೋಸ್ಟ್ಯಾಟ್ ಬಗ್ಗೆ 2018ರ ಅಧ್ಯಯನವೊಂದ್ರಲ್ಲಿ ಹೃದಯ ಕಾಯಿಲೆ ಇರೋರಲ್ಲಿ ಸಾವು ಸ್ವಲ್ಪ ಜಾಸ್ತಿ ಕಂಡಿತ್ತು, ಅಮೆರಿಕದಲ್ಲಿ 2019ರಲ್ಲಿ ಎಚ್ಚರಿಕೆನೂ ಹಾಕಿದ್ರು, 2020ರ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಹಾಗೆ ಕಾಣಲಿಲ್ಲ, ಹೃದಯದ ತೊಂದರೆ ಇರೋರು ಡಾಕ್ಟರ್‌ಗೆ ಮೊದಲೇ ಹೇಳಿ ನಿರ್ಧಾರ ಮಾಡ್ಬೇಕು.

ಪಥ್ಯ ಬೇಡ ಅಂತ ನಾನು ಹೇಳ್ತಿಲ್ಲ. ಬಿಯರ್, ಸಕ್ಕರೆ ಪಾನೀಯ, ಅತಿಯಾದ ಮಾಂಸ ಕಡಿಮೆ ಮಾಡ್ಲೇಬೇಕು, ನೀರು ಕುಡೀಬೇಕು. ಆದ್ರೆ ಯೂರಿಕ್ ಆಸಿಡ್‌ನಲ್ಲಿ ಹೆಚ್ಚು ಪಾಲು ನಮ್ಮ ದೇಹವೇ ಮಾಡೋದು, ಎಷ್ಟೇ ಕಟ್ಟುನಿಟ್ಟಾಗಿದ್ರೂ ಪಥ್ಯದಿಂದ ಇಳಿಯೋದು ಸುಮಾರು 1 ಮಿಲಿಗ್ರಾಂ. ನನ್ನದು 9.4 ಇತ್ತು, ಬೇಕಾಗಿದ್ದು 6ಕ್ಕಿಂತ ಕೆಳಗೆ, ಗಂಟು ಎದ್ದಿರೋದ್ರಿಂದ 5ಕ್ಕಿಂತ ಕೆಳಗಾದ್ರೆ ಇನ್ನೂ ಒಳ್ಳೇದು ಅಂದ್ರು. ನಾಲಿಗೆ ಕಟ್ಟಿಕೊಂಡಿಲ್ಲ ಅಂತ ನಮ್ಮನ್ನ ಬೈಯೋರಿಗೆ ಈ ಲೆಕ್ಕ ಹೇಳಿ ಸಾಕಾಗಿದೆ. ನನ್ನ ಅಕ್ಕನದು ಇನ್ನೊಂದು ಥರ, ಅವಳಿಗೆ ನೋವೇ ಬಂದಿಲ್ಲ, ಯಾವುದೋ ಟೆಸ್ಟ್ ಪ್ಯಾಕೇಜಲ್ಲಿ 7.3 ಅಂತ ಬಂದಿದ್ದಕ್ಕೆ ಹೆದರಿ ನನ್ನ ಮಾತ್ರೆನೇ ಎರಡು ವಾರ ನುಂಗಿದಾಳೆ! ನೋವಿಲ್ಲ, ಕಿಡ್ನಿ ಕಲ್ಲಿಲ್ಲ, ಗಂಟಿಲ್ಲ ಅಂದ್ರೆ ಬರೀ ನಂಬರ್ ನೋಡಿ ಸಾಮಾನ್ಯವಾಗಿ ಮಾತ್ರೆ ಕೊಡಲ್ಲ. ಅವಳ ಬಿಪಿ ಮಾತ್ರೇಲಿ ನೀರಿಳಿಸೋ ಔಷಧಿ ಇತ್ತು, ಅದೂ ಯೂರಿಕ್ ಆಸಿಡ್ ಏರಿಸತ್ತೆ, ಡಾಕ್ಟರು ಅದನ್ನ ಬದಲಾಯಿಸಿ ಲೊಸಾರ್ಟನ್ ಕೊಟ್ರು, ಅದು ಸ್ವಲ್ಪ ಇಳಿಸತ್ತೆ. ಹಾಗಂತ ಬಿಪಿ ಮಾತ್ರೆನೋ ಹೃದಯಕ್ಕೆ ಕೊಟ್ಟ ಆಸ್ಪಿರಿನ್ನೋ ನಾವೇ ನಿಲ್ಲಿಸೋ ಹಾಗಿಲ್ಲ. ಇನ್ನೊಂದು, ನೋವು ಜೋರಾಗಿರೋವಾಗ ಟೆಸ್ಟ್ ಮಾಡಿದ್ರೆ ಯೂರಿಕ್ ಆಸಿಡ್ ಮಾಮೂಲಾಗಿ ಕಾಣಬಹುದು, ಇಳಿದು ಎರಡು ವಾರ ಆದ್ಮೇಲೆ ಮತ್ತೆ ನೋಡ್ಬೇಕು.

ಹೆಸರಿಲ್ಲದ ಪುಡಿ, ಪೊಟ್ಟಣದಲ್ಲಿ ಕಟ್ಟಿಕೊಡೋ ಗುಳಿಗೆ ಬಗ್ಗೆ ಒಂದೇ ಮಾತು. ಒಂದೇ ದಿನಕ್ಕೆ ನೋವು ಮಾಯ ಆದ್ರೆ ಖುಷಿ ಪಡೋ ಮುಂಚೆ ಅನುಮಾನ ಪಡಿ, ಇಂಥ ಸಾಮಾನಲ್ಲಿ ಹೇಳದೆ ಸ್ಟೀರಾಯ್ಡ್, ಡೈಕ್ಲೋಫೆನ್ಯಾಕ್ ಬೆರೆಸಿರೋದು ಪರೀಕ್ಷೇಲಿ ಸಿಕ್ಕಿದೆ.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಯೂರಿಕ್ ಆಸಿಡ್ ಬಗ್ಗೆ ಪುಟ ಮಾಡೋವಾಗ ಒಬ್ಬ ಕೀಲು ತಜ್ಞರನ್ನ ಕೂರಿಸಿ ಬರೀ ಮಾತ್ರೆ ಬಗ್ಗೆ ಕೇಳಿ, ಯಾವುದು ದಿನಾ, ಯಾವುದು ನೋವಿಗೆ, ಯಾವುದರ ಜೊತೆ ಯಾವುದು ಸೇರಬಾರ್ದು, ಶುರುವಲ್ಲಿ ನೋವು ಯಾಕೆ ಬರತ್ತೆ. ದಿನಾ ಮಾತ್ರೆ ಬರೆಯೋ ಡಾಕ್ಟರುಗಳಿಗೂ ಕೈಮುಗಿದು ಕೇಳ್ತೀನಿ, ಶುರುವಲ್ಲಿ ನೋವು ಬರಬಹುದು, ಬಂದ್ರೆ ನಿಲ್ಲಿಸಬೇಡಿ, ದದ್ದು ಬಂದ್ರೆ ನಿಲ್ಲಿಸಿ, ಈ ಒಂದು ವಾಕ್ಯ ಚೀಟಿ ಮೇಲೆ ಬರೆದುಕೊಡಿ.

ಈ ಸಲ ನನಗೆ 50 ಮಿ.ಗ್ರಾಂ.ನಿಂದ ಶುರು ಮಾಡಿ ಸುಮಾರು ಒಂದು ವರ್ಷದಲ್ಲಿ 350ಕ್ಕೆ ತಂದ್ರು, ಈಗ ಯೂರಿಕ್ ಆಸಿಡ್ 5.1. ಕಿಡ್ನಿ ಮೊದಲಿನ ಹಾಗೆ ಆಗಲ್ಲ ಅಂದಿದಾರೆ, ಆದ್ರೆ ಇನ್ನಷ್ಟು ಕೆಟ್ಟಿಲ್ಲ. ಮೊಣಕೈ ಮೇಲಿನ ಗಂಟು ನಿಂಬೆಹಣ್ಣಿನಷ್ಟಿದ್ದಿದ್ದು ಈಗ ಕಡಲೆಕಾಳಿನಷ್ಟಾಗಿದೆ.

ಇಂತಿ,
ನಿಮ್ಮ ಹಳೇ ಓದುಗ