ಮೊದಲ ಕೆಲಸಕ್ಕೆ ಸೇರುವ ಮುನ್ನ ಹಾಸಿಗೆ ಎಷ್ಟೆಂದು ಕೇಳಿ

ಮಾನ್ಯ ಸಂಪಾದಕರೇ,

ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿದ ಎಷ್ಟೋ ಮಕ್ಕಳು ಊರಿಗೆ ಹತ್ತಿರ, ಊಟ-ವಸತಿಯೂ ಇದೆ ಎಂದು ಇಪ್ಪತ್ತು-ಮೂವತ್ತು ಹಾಸಿಗೆಯ ನರ್ಸಿಂಗ್ ಹೋಂಗೆ ಸೇರಿಬಿಡುತ್ತಾರೆ. ಮುಂದೆ ಏಮ್ಸ್ ನಡೆಸುವ ನಾರ್ಸೆಟ್ ಎಂಬ ನರ್ಸ್ ನೇಮಕಾತಿ ಪರೀಕ್ಷೆಗೆ ಅರ್ಜಿ ಹಾಕಲು ಹೋದಾಗ ಆ ಸೇವೆ ಲೆಕ್ಕಕ್ಕೇ ಬರುವುದಿಲ್ಲ. ಬಿ.ಎಸ್ಸಿ ನರ್ಸಿಂಗ್ ಆದವರಿಗೆ ಅಲ್ಲಿ ಅನುಭವ ಬೇಕಿಲ್ಲ. ಜಿಎನ್‌ಎಂ ಆದವರಿಗೆ ಮಾತ್ರ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಸೇವೆ ಕಡ್ಡಾಯ, ಅದೂ ವಿದ್ಯಾರ್ಹತೆ ಪಡೆದ ನಂತರದ್ದು. ಇಂಟರ್ನ್‌ಶಿಪ್ ಅವಧಿ ಇದಕ್ಕೆ ಸೇರದು. ಆದ್ದರಿಂದ ಸಂದರ್ಶನದಲ್ಲಿ ಸಂಬಳಕ್ಕಿಂತ ಮೊದಲು ಕೇಳಬೇಕಾದದ್ದು ಹಾಸಿಗೆಗಳ ಸಂಖ್ಯೆ. ಬಿಡುವಾಗ ಕೊಡುವ ಅನುಭವ ಪತ್ರದಲ್ಲೂ ಆ ಸಂಖ್ಯೆ, ಹುದ್ದೆ, ವಾರ್ಡು, ಸೇರಿದ ಮತ್ತು ಬಿಟ್ಟ ದಿನಾಂಕ ನಮೂದಾಗಿರಬೇಕು. ಆಸ್ಪತ್ರೆಯ ಲೆಟರ್‌ಹೆಡ್, ಸಹಿ, ಮೊಹರು, ಉತ್ತರ ಕೊಡುವಂಥ ದೂರವಾಣಿ ಇರಬೇಕು. ಗಲ್ಫ್ ದೇಶಗಳಿಗೆ ಹೋಗುವವರ ಪತ್ರಗಳನ್ನು ಪರಿಶೀಲಿಸುವ ಸಂಸ್ಥೆ ನೇರವಾಗಿ ಆಸ್ಪತ್ರೆಯನ್ನೇ ವಿಚಾರಿಸುತ್ತದೆ. ಅಲ್ಲಿಂದ ಉತ್ತರ ಬಾರದಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ.

ಇನ್ನೊಂದು ತೊಡಕು ನರ್ಸ್ ಆಗಿ ಕೆಲಸ ಮಾಡಲು ಬೇಕಾದ ನೋಂದಣಿ. ಫಲಿತಾಂಶ ಬಂದ ಕೂಡಲೇ ತಾತ್ಕಾಲಿಕ ಪದವಿ ಅಥವಾ ಡಿಪ್ಲೊಮಾ ಪ್ರಮಾಣಪತ್ರ ಪಡೆದು ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿಗೆ ಅರ್ಜಿ ಹಾಕಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹೆಸರು ಆಧಾರ್‌ನಲ್ಲಿ ಒಂದಕ್ಷರ ಬೇರೆಯಾದರೂ, ಇನಿಷಿಯಲ್ ಹಿಂದೆಮುಂದೆ ಆದರೂ ಮುಂದೆ ಪ್ರತಿ ಹಂತದಲ್ಲೂ ಅಡ್ಡಿ. ಅದನ್ನು ಕೊನೆಯ ವರ್ಷದಲ್ಲೇ ಸರಿಪಡಿಸಿಕೊಳ್ಳುವುದು ಲೇಸು. ನೋಂದಣಿ ಇಲ್ಲದವರನ್ನು ‘ಟ್ರೈನಿ’ ಎಂದು ಕಡಿಮೆ ಹಣಕ್ಕೆ ದುಡಿಸಿಕೊಳ್ಳುವ ಕಡೆಗಳಿವೆ. ಬೇರೆ ರಾಜ್ಯಕ್ಕೆ ಹೋಗುವವರು ಅಲ್ಲಿನ ಪರಿಷತ್ತಿನಲ್ಲೂ ನೋಂದಾಯಿಸಿಕೊಳ್ಳಬೇಕಾಗುತ್ತದೆ.

ಮೂಲ ಅಂಕಪಟ್ಟಿಗಳನ್ನು ಯಾರಿಗೂ ಒಪ್ಪಿಸಬಾರದು. ಪರಿಶೀಲನೆಗೆ ತೋರಿಸಿ, ಜೆರಾಕ್ಸ್ ಕೊಟ್ಟು, ಮೂಲ ಪ್ರತಿಯನ್ನು ಅಲ್ಲೇ ವಾಪಸು ಪಡೆಯಬೇಕು. ಬಾಂಡ್ ಹೆಸರಿನಲ್ಲಿ ಸಹಿ ಹಾಕಿದ ಖಾಲಿ ಚೆಕ್ ಕೇಳಿದರೆ ಆ ಕೆಲಸವೇ ಬೇಡ ಎಂದು ನಾವು ನಮ್ಮ ವಿದ್ಯಾರ್ಥಿಗಳಿಗೆ ಸ್ಪಷ್ಟವಾಗಿ ಹೇಳುತ್ತೇವೆ.

ಸಂಬಳದ ವಿಷಯ ಬೇಸರದ್ದು. 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ಕೇಂದ್ರ ಸರ್ಕಾರ ರಚಿಸಿದ ತಜ್ಞರ ಸಮಿತಿ ಖಾಸಗಿ ಆಸ್ಪತ್ರೆಗಳಿಗೆ ಶಿಫಾರಸು ಮಾಡಿತು: 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ನರ್ಸ್‌ಗಳಿಗೆ ಸಮನಾದ ವೇತನ, 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇ 10ಕ್ಕೂ ಹೆಚ್ಚು ಕಡಿಮೆಯಾಗಬಾರದು, 50ರಿಂದ 100 ಇದ್ದರೆ ಶೇ 25ಕ್ಕೂ ಹೆಚ್ಚು ಕಡಿಮೆಯಾಗಬಾರದು, 50ಕ್ಕಿಂತ ಕಡಿಮೆ ಇದ್ದರೂ ತಿಂಗಳಿಗೆ 20,000 ರೂಪಾಯಿಗಿಂತ ಕೆಳಗೆ ಇಳಿಯಬಾರದು. ಇಷ್ಟು ವರ್ಷವಾದರೂ ಆ ಮೊತ್ತದ ಹತ್ತಿರವೂ ಹೋಗದ ಆಸ್ಪತ್ರೆಗಳು ನಮ್ಮ ಜಿಲ್ಲೆಗಳಲ್ಲಿ ತುಂಬಿವೆ. ಆರೋಗ್ಯ ಇಲಾಖೆ ಇದನ್ನು ತಪಾಸಣೆಯ ಭಾಗವಾಗಿಸಬೇಕು. ಸೇರುವವರು ಕೈಗೆ ಬರುವ ಮೊತ್ತವನ್ನೇ ಬರವಣಿಗೆಯಲ್ಲಿ ಕೇಳಲಿ. ಪಿಎಫ್ ಮತ್ತು ಇಎಸ್‌ಐ (ನೌಕರರ ಆರೋಗ್ಯ ವಿಮೆ) ಎರಡಕ್ಕೂ ಲೆಕ್ಕವಾಗುವ ವೇತನ 15,000 ಆದರೆ ನರ್ಸ್‌ನಿಂದ ಪಿಎಫ್‌ಗೆ 1,800, ಇಎಸ್‌ಐಗೆ ಶೇ 0.75 ಅಂದರೆ ಸುಮಾರು 113 ರೂಪಾಯಿ ಮಾತ್ರ ಕಡಿತವಾಗಬೇಕು. ಮಾಲೀಕರ ಪಾಲನ್ನೂ ನರ್ಸ್ ಸಂಬಳದಿಂದಲೇ ಮುರಿಯುವುದು ತಪ್ಪು. ಪಿಎಫ್ ಖಾತೆಯ ದಾಖಲೆ ಮುಂದೆ ಸೇವೆಗೆ ಸಾಕ್ಷಿಯಾಗಿಯೂ ನಿಲ್ಲುತ್ತದೆ.

ಸಂದರ್ಶನದಲ್ಲಿ ಹೆಚ್ಚಿನವರು ತಡವರಿಸುವುದು ಡ್ರಿಪ್ ಲೆಕ್ಕದಲ್ಲಿ. ಒಂದು ಲೀಟರ್ ಸಲೈನ್ 8 ಗಂಟೆಯಲ್ಲಿ, ಒಂದು ಮಿ.ಲೀ.ಗೆ 20 ಹನಿಯ ಸೆಟ್ ಎಂದರೆ 1000ವನ್ನು 20ರಿಂದ ಗುಣಿಸಿ 480 ನಿಮಿಷದಿಂದ ಭಾಗಿಸಿ: ನಿಮಿಷಕ್ಕೆ ಸುಮಾರು 42 ಹನಿ. ಬಾಯಿಪಾಠ ಸಾಲದು, ಕಾಗದದ ಮೇಲೆ ಮಾಡಿ ಅಭ್ಯಾಸವಾಗಬೇಕು.

ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ (ಆರಂಭದಲ್ಲಿ, ಒಂದು ತಿಂಗಳಿಗೆ, ಆರು ತಿಂಗಳಿಗೆ) ಕೆಲಸಕ್ಕೆ ಸೇರುವ ಮೊದಲೇ ಮುಗಿದಿರಬೇಕು. ಹೊಸಬರನ್ನು ಮೊದಲ ವಾರವೇ ಐಸಿಯು ರಾತ್ರಿ ಡ್ಯೂಟಿಗೆ ಒಬ್ಬರನ್ನೇ ಹಾಕುವ ಆಸ್ಪತ್ರೆಗಳಲ್ಲಿ ಸೂಜಿ ಚುಚ್ಚಿಸಿಕೊಳ್ಳುವ ಅಪಾಯ ಹೆಚ್ಚು. ಚುಚ್ಚಿದರೆ ಸೋಪು-ನೀರಿನಲ್ಲಿ ತೊಳೆಯಬೇಕು, ಹಿಂಡಬಾರದು, ತಕ್ಷಣ ವರದಿ ಮಾಡಬೇಕು. ಎಚ್‌ಐವಿ ತಡೆ ಔಷಧವನ್ನು ಸಾಧ್ಯವಾದರೆ 2 ಗಂಟೆಯೊಳಗೆ, ತಡವೆಂದರೆ 72 ಗಂಟೆಯೊಳಗೆ ಶುರು ಮಾಡಬೇಕು. ಅದು ಆಸ್ಪತ್ರೆಯಲ್ಲಿ ಎಲ್ಲಿದೆ, ರಾತ್ರಿ ಹೊತ್ತು ಯಾರನ್ನು ಕೇಳಬೇಕು ಎಂಬುದನ್ನು ಸೇರಿದ ದಿನವೇ ತಿಳಿದುಕೊಳ್ಳಿ.

— ಇಬ್ಬರು ನರ್ಸಿಂಗ್ ಶಿಕ್ಷಕಿಯರು, ದಾವಣಗೆರೆ