ಭಾವನಿಗೆ ಒಂದು ಪಾಲು ಜಾಸ್ತಿ

ಈ ತಿಂಗಳಿಂದ ಮತ್ತೆ ಪೂರ್ತಿ ದಿನದ ಕೆಲಸಕ್ಕೆ ಹೋಗುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ಹೊಟ್ಟೆ ಹಸಿಯುತ್ತದೆ. ರಾತ್ರಿ ಮಲಗಿದರೆ ಬೆಳಗಾದ ಮೇಲೇ ಎಚ್ಚರ. ಯಾರಾದರೂ ಜೋಕ್ ಹೇಳಿದರೆ ನಗು ತಾನಾಗಿ ಬರುತ್ತದೆ, ಕಷ್ಟಪಟ್ಟು ತರಿಸಿಕೊಳ್ಳಬೇಕಾಗಿಲ್ಲ. ಇಷ್ಟೇ ಸುದ್ದಿ. ಹೊರಗಿನವರಿಗೆ ಇದು ಸುದ್ದಿಯೇ ಅಲ್ಲ. ನಿಮಗೆ ಗೊತ್ತು.

ಏನಾಯಿತು, ಹೇಗಾಯಿತು ಅಂತ ಮತ್ತೆ ಬರೆಯಲ್ಲ. ನೀವೇ ನೋಡಿದ್ದೀರಿ. ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ: ನನಗೆ ಡಿಪ್ರೆಶನ್ ಆಗಿತ್ತು, ಇದು ಎರಡನೇ ಸಲ, ಜೊತೆಗೆ ಪ್ಯಾನಿಕ್ ಅಟ್ಯಾಕ್ ಬೇರೆ. ಈಗ ಚೆನ್ನಾಗಿದ್ದೇನೆ. ಮಾತ್ರೆ ಇನ್ನೂ ನಡೆಯುತ್ತಿದೆ.

ಮೊದಲು ಎಲ್ಲರಿಗೂ ಒಟ್ಟಿಗೆ ಹೇಳಿಬಿಡುತ್ತೇನೆ. ಅವಸರ ಮಾಡದೆ ನನ್ನ ಮಾತನ್ನು ಪೂರ್ತಿ ಕೇಳಿದ ಡಾಕ್ಟರಿಗೆ, ನಾನು ಬಾಯಿ ಬಿಡದೆ ಕೂತ ದಿನವೂ ಸಮಯ ಹಾಳಾಯಿತು ಅನ್ನದ ಕೌನ್ಸೆಲರ್‌ಗೆ, ನನ್ನ ಪಾಲಿನ ಕೆಲಸವನ್ನು ಸದ್ದಿಲ್ಲದೆ ಹಂಚಿಕೊಂಡ ಆಫೀಸಿನ ಗೆಳೆಯರಿಗೆ, ಉತ್ತರ ಬರದಿದ್ದರೂ ಮೆಸೇಜ್ ಕಳಿಸುವುದನ್ನು ನಿಲ್ಲಿಸದ ಹಳೆಯ ಕ್ಲಾಸ್‌ಮೇಟ್‌ಗಳಿಗೆ, ಫೋನಿನಲ್ಲಿ ಅಳು ತಡೆದುಕೊಂಡು ಮಾತಾಡಿದ ಅಮ್ಮನಿಗೆ ತುಂಬಾ ತುಂಬಾ ಥ್ಯಾಂಕ್ಸ್. ಅಕ್ಕನಿಗೆ ಥ್ಯಾಂಕ್ಸ್ ಹೇಳಿದರೆ ಬೈಸಿಕೊಳ್ಳಬೇಕಾಗುತ್ತೆ, ಹಾಗಾಗಿ ಹೇಳಲ್ಲ. ಬರದೇ ಇದ್ದವರ ಮೇಲೆ ಸಿಟ್ಟಿಲ್ಲ. ಸರಿ, ಒಬ್ಬಿಬ್ಬರ ಮೇಲೆ ಸ್ವಲ್ಪ ಇದೆ. ಅದೂ ಹೋಗುತ್ತೆ ಬಿಡಿ.

ಈಗ ಭಾವನ ವಿಷಯ.

ಭಾವ ಅಂದರೆ ಅಕ್ಕನ ಗಂಡ. ಮಾತು ಕಡಿಮೆ. ಮನಸ್ಸು, ದುಃಖ ಅಂತೆಲ್ಲ ಕೂತು ಮಾತಾಡುವ ಪೈಕಿಯೇ ಅಲ್ಲ. ಮನೆಗೆ ಬಂದರೆ ಮೊದಲು ನಲ್ಲಿ ಸೋರುತ್ತಿದೆಯಾ, ಬಾಗಿಲ ಚಿಲಕ ಸಡಿಲ ಆಗಿದೆಯಾ ಅಂತ ನೋಡುವ ಮನುಷ್ಯ. ಅವರ ಜೊತೆ ನಾನು ಅಷ್ಟೊಂದು ಮಾತಾಡಿದ್ದೂ ಇರಲಿಲ್ಲ. ನನಗೆ ಪ್ಯಾನಿಕ್ ಜೋರಾದ ಆ ರಾತ್ರಿ ಅಕ್ಕ ಊರಲ್ಲಿರಲಿಲ್ಲ. ನಾನು ಫೋನ್ ಮಾಡಿದ್ದು ಅವಳಿಗೆ. ಅವಳು ಅಲ್ಲಿಂದಲೇ ಭಾವನಿಗೆ ಹೇಳಿದಳು. ಅವರು ಅರ್ಧ ಗುಂಡಿ ಹಾಕಿದ ಶರ್ಟಿನಲ್ಲೇ ಬಂದರು.

ಅವರು ಬಂದಾಗ ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಬೆರಳೆಲ್ಲ ಜೋಮು. ಎಷ್ಟು ಎಳೆದುಕೊಂಡರೂ ಉಸಿರು ಸಾಲುತ್ತಿರಲಿಲ್ಲ. ಈ ಹಿಂದೆ ಹೀಗೇ ಆದಾಗ ಇಸಿಜಿ ಮಾಡಿಸಿ, ಹೃದಯ ಚೆನ್ನಾಗಿದೆ, ಇದು ಪ್ಯಾನಿಕ್ ಅಂತ ಡಾಕ್ಟರು ಹೇಳಿದ್ದರು. (ಮೊದಲ ಸಲ ಹೀಗೆ ಎದೆನೋವು ಬಂದವರು ತೋರಿಸಿಕೊಳ್ಳಲೇಬೇಕು. ಪ್ಯಾನಿಕ್ ಇರಬಹುದು ಅಂತ ಸುಮ್ನೆ ಕೂರಬಾರದು.) ಹೇಳಿದ್ದರೇನು, ಆ ಹೊತ್ತಿಗೆ ಪ್ರಾಣ ಹೋಗುತ್ತಿದೆ ಅಂತಲೇ ಅನ್ನಿಸುತ್ತದೆ. ಭಾವ "ಏನೂ ಆಗಿಲ್ಲ, ಏಳು" ಅನ್ನಲಿಲ್ಲ. ನೆಲದ ಮೇಲೆ ನನ್ನ ಪಕ್ಕ ಕೂತರು. "ಭಯ ಆಗ್ತಿದೆ ಅಲ್ವಾ? ಆಗ್ಲಿ. ನಾನು ಇಲ್ಲೇ ಇರ್ತೀನಿ. ಉಸಿರು ಎಳೆದುಕೊಳ್ಳೋ ಗೊಡವೆ ಬಿಡು, ನಿಧಾನಕ್ಕೆ ಹೊರಗೆ ಬಿಡೋದನ್ನ ನೋಡ್ಕೋ" ಅಂದರು. ಸಾಮಾನ್ಯವಾಗಿ ಇದು ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯಲು ಶುರುವಾಗುತ್ತದೆ. ಇಳಿಯಿತು.

ಅದು ಇಳಿದ ಮೇಲೆ ಉಳಿದದ್ದೇ ಕಷ್ಟದ್ದು. ಭಯವಾದರೂ ಒಂದು ಜೀವಂತಿಕೆ. ಆಮೇಲಿನದ್ದು ಬರೀ ಖಾಲಿ. ಭಾವ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಒಂದು ಮಾತು ನೇರವಾಗಿ ಕೇಳ್ತೀನಿ. ಸಾಯಬೇಕು ಅಂತ ಅನ್ನಿಸ್ತಿದೆಯಾ?"

ಅಲ್ಲಿವರೆಗೆ ಯಾರೂ ಕೇಳಿರಲಿಲ್ಲ. ಎಲ್ಲರೂ ಆ ಪ್ರಶ್ನೆಯ ಸುತ್ತ ಸುತ್ತುತ್ತಿದ್ದರು. ನಾನು "ಹೂಂ" ಅಂದೆ. ಅವರು ಬೆಚ್ಚಿಬೀಳಲಿಲ್ಲ. ಬೈಯಲಿಲ್ಲ. ಅಮ್ಮನ ಮೇಲೆ ಆಣೆ ಹಾಕಿಸಲಿಲ್ಲ. ಏನಾದರೂ ಮಾಡಿಕೊಳ್ಳುವ ಯೋಚನೆಯವರೆಗೂ ಹೋಗಿದೆಯಾ ಅಂತ ಅದೇ ದನಿಯಲ್ಲಿ ಕೇಳಿದರು. ಹೇಳಿದೆ. ಎದ್ದು ಮನೆಯಲ್ಲಿ ತೆಗೆದಿಡಬೇಕಾದ್ದನ್ನೆಲ್ಲ ತೆಗೆದು ತಮ್ಮ ಬ್ಯಾಗಿಗೆ ಹಾಕಿಕೊಂಡರು. "ಇವು ನನ್ನ ಹತ್ರ ಇರಲಿ. ಬೆಳಿಗ್ಗೆ ಇಬ್ಬರೂ ಡಾಕ್ಟರ ಹತ್ರ ಹೋಗೋಣ. ಅಲ್ಲಿವರೆಗೆ ನಾನು ಮಲಗಲ್ಲ." ಅಷ್ಟೇ.

ಸಾವಿನ ಮಾತು ಎತ್ತಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗಾಗುತ್ತೆ ಅಂತ ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಇದರ ಬಗ್ಗೆ ಸಾಕಷ್ಟು ಅಧ್ಯಯನ ಆಗಿದೆ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ, ಎಷ್ಟೋ ಸಲ ಭಾರ ಇಳಿಯುತ್ತದೆ. ಭಾವ ಅಧ್ಯಯನ ಓದಿದವರಲ್ಲ. ಅವರಿಗೆ ಸುತ್ತಿಬಳಸಿ ಮಾತಾಡಲು ಬರುವುದಿಲ್ಲ, ಅದೇ ನನ್ನನ್ನು ಉಳಿಸಿತು.

ಬೆಳಗಾಗಲು ತುಂಬಾ ಹೊತ್ತಿತ್ತು. ಮೂಲೆಯಲ್ಲಿದ್ದ ಹಳೆಯ ಟೇಬಲ್ ಫ್ಯಾನ್ ಅವರ ಕಣ್ಣಿಗೆ ಬಿತ್ತು. ತಿರುಗುವಾಗ ಕಟಕಟ ಅನ್ನುತ್ತಿತ್ತು, ನಾನು ಬಳಸುವುದನ್ನೇ ಬಿಟ್ಟಿದ್ದೆ. ಪೇಪರ್ ಹಾಸಿ ಅದನ್ನು ಬಿಚ್ಚಲು ಕೂತರು. ಜಾಲರಿ ತೆಗೆದರು, ರೆಕ್ಕೆ ತೆಗೆದರು. ಸ್ಕ್ರೂಗಳನ್ನು ನನ್ನ ಅಂಗೈಗೆ ಹಾಕಿದರು. "ಇಟ್ಕೊಂಡಿರು. ಸಣ್ಣದು ಮೂರು, ದೊಡ್ಡದು ಎರಡು. ಬೀಳಿಸಬೇಡ." ನಾನು ಅಂಗೈ ನೋಡುತ್ತಾ ಕೂತೆ. ಸಣ್ಣದರ ತಲೆಗೆ ತುಕ್ಕು ಹಿಡಿದಿತ್ತು. ನಡುನಡುವೆ "ಸಣ್ಣದು ಕೊಡು" ಅನ್ನುತ್ತಿದ್ದರು, ಕೊಡುತ್ತಿದ್ದೆ. ಮೂರು, ನಾಲ್ಕು ಗಂಟೆಯ ನಸುಕು ಈ ಕಾಯಿಲೆಯಲ್ಲಿ ಬಹಳ ಜನಕ್ಕೆ ತೀರ ಕೆಟ್ಟ ಹೊತ್ತು. ನಿದ್ದೆ ಒಡೆಯುತ್ತದೆ, ಮತ್ತೆ ಹತ್ತುವುದಿಲ್ಲ. ಅವತ್ತು ಆ ಹೊತ್ತು ಸ್ಕ್ರೂ ಕಾಯುವುದರಲ್ಲಿ ಕಳೆಯಿತು. ಅಂದ ಹಾಗೆ ಫ್ಯಾನು ಈಗಲೂ ಕಟಕಟ ಅನ್ನುತ್ತದೆ. ಭಾವ ಇದನ್ನು ಒಪ್ಪುವುದಿಲ್ಲ.

ಬೆಳಿಗ್ಗೆ ಡಾಕ್ಟರು ಒಂದು ಹಾಳೆ ಕೊಟ್ಟರು. ಒಂಬತ್ತು ಪ್ರಶ್ನೆ. ಕಳೆದ ಎರಡು ವಾರದಲ್ಲಿ ಆಸಕ್ತಿ, ನಿದ್ದೆ, ಹಸಿವು, ಸುಸ್ತು, ಗಮನ ಹೇಗಿತ್ತು ಅಂತ 0ಯಿಂದ 3ರವರೆಗೆ ಗುರುತು ಹಾಕಬೇಕು. ಒಂಬತ್ತನೆಯದು ಸಾವಿನ ಯೋಚನೆಯದು. ರಾತ್ರಿಯೇ ಒಬ್ಬರಿಗೆ ಹೇಳಿಯಾಗಿತ್ತಲ್ಲ, ಪೆನ್ನು ನಿಲ್ಲಲಿಲ್ಲ. ಆಮೇಲೆ ಡಾಕ್ಟರು ಭಾವನನ್ನೂ ಒಳಗೆ ಕರೆದು, ಯಾವಾಗಲಾದರೂ ಇವನು ನಿದ್ದೆಯೇ ಬೇಡ ಅನ್ನುವಷ್ಟು ಹುರುಪಿನಲ್ಲಿ ದಿನಗಟ್ಟಲೆ ಇದ್ದನಾ, ಕೈಮೀರಿ ಖರ್ಚು ಮಾಡಿದ್ದನಾ ಅಂತ ಕೇಳಿದರು. ಕೆಲವು ಕಾಲ ಇಂಥ ಅತಿ ಹುರುಪು, ಕೆಲವು ಕಾಲ ಮಂಕು ಬರುವ ಬೈಪೋಲಾರ್ ಕಾಯಿಲೆಯಲ್ಲೂ ಡಿಪ್ರೆಶನ್ ಹೀಗೇ ಕಾಣುತ್ತದಂತೆ, ಔಷಧಿ ಮಾತ್ರ ಬೇರೆ. ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿದರು, ಅದು ಕಡಿಮೆಯಾದರೂ ಇದೇ ಥರ ಮಂಕು ಕವಿಯುತ್ತದೆ. ಮನೆಯವರು ಒಬ್ಬರು ಜೊತೆಗೆ ಹೋಗುವುದು ಯಾಕೆ ಒಳ್ಳೆಯದು ಅಂತ ಅವತ್ತು ಗೊತ್ತಾಯಿತು. ನನಗೆ ನೆನಪೇ ಇಲ್ಲದ ಎಷ್ಟೋ ಸಂಗತಿ ಅವರಿಗೆ ನೆನಪಿತ್ತು.

ಮಾತ್ರೆ ಶುರುವಾದ ಮೊದಲ ವಾರಗಳ ಬಗ್ಗೆ ಯಾರೂ ಜಾಸ್ತಿ ಹೇಳುವುದಿಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ವಾಕರಿಕೆ, ಚಡಪಡಿಕೆ ಮಾತ್ರ ಮೊದಲೇ ಹಾಜರ್. "ಇದು ಬೇಡ, ಬಿಟ್ಟುಬಿಡ್ತೀನಿ" ಅಂದಾಗ ಭಾವ ವಾದಕ್ಕೆ ಇಳಿಯಲಿಲ್ಲ. ಡಾಕ್ಟರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಸಂಜೆ ಬಂದ ನೆಂಟರು "ಚೆನ್ನಾಗೇ ಇದ್ದಾನಲ್ಲ" ಅಂದಾಗ "ಬೆಳಿಗ್ಗೆ ಬಂದು ನೋಡಿ" ಅಂದರು. ಅದು ನಿಜ. ನನ್ನ ಬೆಳಗುಗಳು ಕಲ್ಲಿನಷ್ಟು ಭಾರ, ಸಂಜೆಗೆ ಸ್ವಲ್ಪ ಹಗುರ.

ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ವಾಕಿಂಗ್ ಹೋಗೋಣ ಅಂತ ಹೇಳುತ್ತಿರಲಿಲ್ಲ. "ಚಪ್ಪಲಿ ಹಾಕ್ಕೋ." ಹಾಕಿಕೊಂಡ ಮೇಲೆ, "ಗೇಟಿನವರೆಗೆ ಬಾ." ಕೆಲವು ದಿನ ಗೇಟಿನಿಂದಲೇ ವಾಪಸ್. ಅದಕ್ಕೂ ಏನೂ ಅನ್ನುತ್ತಿರಲಿಲ್ಲ. ಮನಸ್ಸು ಬಂದ ಮೇಲೆ ಮಾಡೋಣ ಅಂತ ಕಾಯುತ್ತಾ ಕೂತರೆ ಈ ಕಾಯಿಲೆಯಲ್ಲಿ ಮನಸ್ಸು ಬರುವುದೇ ಇಲ್ಲ, ಮೊದಲು ಸಣ್ಣದೊಂದು ಕೆಲಸ ಮಾಡಬೇಕು, ಮನಸ್ಸು ಹಿಂದೆ ಬರುತ್ತದೆ ಅಂತ ಕೌನ್ಸೆಲರ್ ಆಮೇಲೆ ವಿವರಿಸಿದರು. ಅದೇ ಒಂದು ಚಿಕಿತ್ಸೆಯಂತೆ. ಭಾವನಿಗೆ ಹೇಳಿದೆ. "ಓ" ಅಂದರು.

ಗಂಡಸರಲ್ಲಿ ಡಿಪ್ರೆಶನ್ ಎಷ್ಟೋ ಸಲ ಅಳುವಿಗಿಂತ ಸಿಡುಕಾಗಿಯೇ ಹೊರಗೆ ಬರುತ್ತದೆ. ನನ್ನ ಸಿಡುಕಿನ ದೊಡ್ಡ ಪಾಲು ಭಾವನಿಗೇ ಹೋಯಿತು, ದಿನಾ ಎದುರಿಗೆ ಸಿಗುತ್ತಿದ್ದವರು ಅವರೇ ತಾನೆ. ಅವರಿಗೂ ಸುಸ್ತಾಗುತ್ತಿತ್ತು. ಮುಚ್ಚಿಡುತ್ತಿರಲಿಲ್ಲ. "ಇವತ್ತು ನನಗಾಗಲ್ಲ, ನಿನ್ನ ಫ್ರೆಂಡಿಗೆ ಬರೋಕೆ ಹೇಳಿದೀನಿ" ಅನ್ನುತ್ತಿದ್ದರು. ನನಗೆ ಅದೇ ನಿರಾಳ. ಹಲ್ಲು ಕಚ್ಚಿಕೊಂಡು ಸೇವೆ ಮಾಡುವವರ ಮುಂದೆ ಮಲಗಿರುವುದು ಎಷ್ಟು ಹಿಂಸೆ ಅಂತ ಮಲಗಿದವರಿಗೇ ಗೊತ್ತು.

ಆ ರಾತ್ರಿ ಅವರು ಬರದೇ ಇದ್ದಿದ್ದರೆ... ಈ ಸಾಲನ್ನು ನಾಲ್ಕು ಸಲ ಬರೆದು ಅಳಿಸಿದೆ. ಅಕ್ಕನ ಮಗಳು ಈಗ ನನ್ನ ಬೆನ್ನ ಮೇಲೆ ಹತ್ತಿ ಕೂತು, ಏನ್ ಬರೀತಿದೀಯಾ ಮಾಮ ಅಂತ ಕೇಳುತ್ತಿದ್ದಾಳೆ. ನಿಮ್ಮಪ್ಪನ ಬಗ್ಗೆ ಅಂದೆ. ಮುಂದೆ ಹೇಳಲು ಆಗಲಿಲ್ಲ. ಇರಲಿ. ಅವರು ಬಂದರು.

ನಾನು ಹುಷಾರಾದ ಮೇಲೆ ನಿಮ್ಮಲ್ಲಿ ಕೆಲವರು ಬೇರೆಯಾಗಿ ಮೆಸೇಜ್ ಮಾಡಿದಿರಿ. ನಮ್ಮನೆಯಲ್ಲೂ ಒಬ್ಬರಿದ್ದಾರೆ, ಯಾರಿಗೂ ಹೇಳಿಲ್ಲ, ಏನು ಮಾಡೋದು ಅಂತ. ಅಷ್ಟು ಜನ ಇರುತ್ತೀರಿ ಅಂದುಕೊಂಡಿರಲಿಲ್ಲ. ಅಂದುಕೊಳ್ಳಬೇಕಿತ್ತು, ಅಲ್ವಾ? 2019ರಲ್ಲಿ ಪ್ರಪಂಚದ ಪ್ರತಿ ಎಂಟು ಜನರಲ್ಲಿ ಒಬ್ಬರಿಗೆ, ಅಂದರೆ ಸುಮಾರು 97 ಕೋಟಿ ಜನಕ್ಕೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಆತಂಕದ ಕಾಯಿಲೆ ಮತ್ತು ಡಿಪ್ರೆಶನ್ನೇ ಅದರಲ್ಲಿ ಜಾಸ್ತಿ. ನಾನು ಡಾಕ್ಟರಲ್ಲ, ಯಾವ ಮಾತ್ರೆ ಅಂತ ನನ್ನನ್ನು ಕೇಳಬೇಡಿ. ಎರಡು ವಾರ ದಾಟಿಯೂ ಹೆಚ್ಚುಕಡಿಮೆ ದಿನಾ ಮಂಕಾಗಿದ್ದರೆ, ಇಷ್ಟವಾದದ್ದೂ ಬೇಡ ಅನ್ನುತ್ತಿದ್ದರೆ ತೋರಿಸಿ. ಸಾಯುವ ಮಾತಾಡಿದರೆ ಅಷ್ಟು ದಿನವೂ ಕಾಯಬೇಡಿ, ಒಂಟಿಯಾಗಿ ಬಿಡಬೇಡಿ, ಅವತ್ತೇ ಕರೆದುಕೊಂಡು ಹೋಗಿ. "ಏನಾದರೂ ಬೇಕಿದ್ರೆ ಹೇಳು" ಅನ್ನುವುದು ಒಳ್ಳೆಯ ಮಾತೇ, ಆದರೆ ಆ ಹೊತ್ತಿಗೆ ಏನು ಬೇಕು ಅಂತ ಯೋಚಿಸುವ ಶಕ್ತಿಯೇ ಇರುವುದಿಲ್ಲ. "ನಾಳೆ ಹತ್ತು ಗಂಟೆಗೆ ಬರ್ತೀನಿ, ರೆಡಿ ಆಗದಿದ್ರೂ ಪರವಾಗಿಲ್ಲ" ಅನ್ನಿ. "ಧೈರ್ಯ ತಗೋ", "ಜಾಸ್ತಿ ಯೋಚನೆ ಮಾಡ್ಬೇಡ" ಅನ್ನುವವರಿಗೆ ನನ್ನದೊಂದೇ ಪ್ರಶ್ನೆ: ಅದು ಕೈಲಾಗುವ ಹಾಗಿದ್ದರೆ ನಾವು ಮಾಡುತ್ತಿರಲಿಲ್ಲವಾ?

ಇನ್ನೊಂದು. ನಾನು ನಗಲು ಶುರು ಮಾಡಿದ ಕೂಡಲೇ ಬಹಳ ಜನ ಮುಗಿಯಿತು ಅಂದುಕೊಂಡರು. ಫೋನು ನಿಂತವು. ಇದು ಎರಡನೇ ಸಲವಾದ್ದರಿಂದ ಡಾಕ್ಟರು ಕನಿಷ್ಠ ಎರಡು ವರ್ಷ ಮಾತ್ರೆ ಮುಂದುವರಿಸಲು ಹೇಳಿದ್ದಾರೆ. ಇದಕ್ಕೆ ಚಟ ಹತ್ತಿಕೊಳ್ಳುವುದಿಲ್ಲ, ಆದರೆ ಒಮ್ಮೆಲೇ ಬಿಟ್ಟರೆ ತಲೆಸುತ್ತು, ನಿದ್ದೆಗೇಡು ಬರುತ್ತದೆ, ಡಾಕ್ಟರೇ ನಿಧಾನಕ್ಕೆ ಇಳಿಸಬೇಕು. ಆದ್ದರಿಂದ "ಇನ್ನೂ ತಗೋತಿದೀಯಾ?" ಅಂತ ಕಣ್ಣರಳಿಸಬೇಡಿ. ಕರೆದರೆ ಸಿನಿಮಾಕ್ಕೆ ಬರುತ್ತೇನೆ. ಈಗ ಅದು ಆಗುತ್ತದೆ.

ಭಾವ, ನೀವು ಇದನ್ನು ಓದಿ ಏನೂ ಹೇಳುವುದಿಲ್ಲ ಅಂತ ಗೊತ್ತು. ಅಷ್ಟು ದಿನ ನನ್ನ ಜೊತೆ ನಡೆಯುವಾಗ ನಿಮಗೆ ಮಂಡಿ ನೋವಿತ್ತು ಅಂತ ಅಕ್ಕ ಈಗ ಬಾಯಿಬಿಟ್ಟಿದ್ದಾಳೆ. ಮೂಳೆ ಡಾಕ್ಟರ ಹತ್ತಿರ ಶನಿವಾರ ಬೆಳಿಗ್ಗೆಗೆ ಹೆಸರು ಬರೆಸಿದ್ದೇನೆ. ಬಾಗಿಲಿಗೆ ನಾನೇ ಬರ್ತೀನಿ. ಚಪ್ಪಲಿ ಹಾಕ್ಕೊಂಡಿರಿ.