ಕೊನೇ ಎಂಟು ಸೆಕೆಂಡಿನ ಹುಡುಗನನ್ನು ಬೈಯುವ ಮುಂಚೆ

ಸಂಪಾದಕರಿಗೆ ನಮಸ್ಕಾರ,

ತುಮಕೂರಿನಲ್ಲಿ ಬಾಸ್ಕೆಟ್‌ಬಾಲ್ ನೋಡಲು ಬರುವವರು ಕಡಿಮೆ, ಬಂದವರ ಬಾಯಿ ಮಾತ್ರ ಜೋರು. ಅದಕ್ಕೆ ನನ್ನ ತಕರಾರಿಲ್ಲ, ನಾನೂ ಕೂಗುವವನೇ. ತಕರಾರು ಇರುವುದು ಒಂದೇ ಒಂದು ಕೂಗಿನ ಬಗ್ಗೆ. ಆಟದ ಕಾಲು ಭಾಗ, ಅಂದರೆ ಕ್ವಾರ್ಟರ್, ಮುಗಿಯುತ್ತಾ ಬಂದಿರುತ್ತದೆ, ಬೆಂಚಿನಿಂದ ಎದ್ದು ಬಂದ ಹುಡುಗ ಚೆಂಡು ಹಿಡಿದು ಮಧ್ಯದಲ್ಲಿ ನಿಲ್ಲುತ್ತಾನೆ, ಉಳಿದ ನಾಲ್ವರು ಮೂಲೆಗಳಿಗೆ ಸರಿಯುತ್ತಾರೆ, ಇವನು ಒಬ್ಬನೇ ಎದುರಿಗಿದ್ದವನ ಮೇಲೆ ನುಗ್ಗಿ ಶಾಟ್ ಹೊಡೆಯುತ್ತಾನೆ. ಬಿದ್ದರೆ ಸಿಳ್ಳೆ. ಬೀಳದಿದ್ದರೆ 'ಏಯ್, ಪಾಸ್ ಕೊಡೋ, ನಿಮ್ಮಪ್ಪನ ಚೆಂಡಾ ಅದು?' ಇನ್ನೂ ಮೀಸೆ ಬಾರದ ಹುಡುಗ, ತಲೆ ತಗ್ಗಿಸಿಕೊಂಡು ಮತ್ತೆ ಬೆಂಚಿಗೆ ಹೋಗಿ ಕೂರುತ್ತಾನೆ.

ಐಸೋ ಅನ್ನುವ ಆ ಒಂಟಿ ಆಟ ಅವನ ಸ್ವಂತ ಬುದ್ಧಿಯದ್ದಲ್ಲ ಸ್ವಾಮಿ. ಕೋಚ್ ಹೇಳಿ ಕಳಿಸಿದ್ದು. ಕಬಡ್ಡಿಯಲ್ಲಿ ಡೂ ಆರ್ ಡೈ ರೈಡ್‌ಗೆ ಒಬ್ಬನೇ ಹೋಗುತ್ತಾನೆ, ಸಿಕ್ಕಿಬಿದ್ದರೂ ಅವನನ್ನು ಯಾರೂ ಸ್ವಾರ್ಥಿ ಅನ್ನುವುದಿಲ್ಲ, ಅಲ್ವಾ? ಇದೂ ಅಂಥದ್ದೇ ಕೆಲಸ.

ಲೆಕ್ಕ ಸರಳ. ಕ್ವಾರ್ಟರ್‌ನಲ್ಲಿ 24 ಸೆಕೆಂಡಿಗಿಂತ ಕಡಿಮೆ ಉಳಿದು ಚೆಂಡು ನಮ್ಮ ಕೈಗೆ ಬಂದರೆ ಶಾಟ್ ಕ್ಲಾಕ್, ಅಂದರೆ ಚೆಂಡು ಸಿಕ್ಕ ತಂಡ 24 ಸೆಕೆಂಡಿನೊಳಗೆ ಶಾಟ್ ಹೊಡೆಯಬೇಕೆಂದು ಎಣಿಸುವ ಗಡಿಯಾರ, ಆಫ್ ಆಗುತ್ತದೆ. ಅಂದರೆ ಕೊನೆಯವರೆಗೂ ಚೆಂಡು ನಮ್ಮದೇ, ಕಳೆದುಕೊಳ್ಳದಿದ್ದರೆ. ಎಂಟು ಸೆಕೆಂಡ್ ಇರುವಾಗ ಹೊರಟು, ಎರಡು ಮೂರು ಸೆಕೆಂಡ್ ಇರುವಾಗ ಶಾಟ್ ಬಿಟ್ಟರೆ, ತಪ್ಪಿದ ಚೆಂಡನ್ನು ನಮ್ಮವರೇ ಹಿಡಿದು ಇನ್ನೊಮ್ಮೆ ಹಾಕಲು ಸಮಯ ಇರುತ್ತದೆ, ಎದುರಾಳಿ ಓಡಿ ಹೋಗಿ ಬುಟ್ಟಿಯ ಹತ್ತಿರದಿಂದ ಲೇ-ಅಪ್ ಹಾಕಲು ಇರುವುದಿಲ್ಲ. ನಾಲ್ಕು ಪಾಸ್ ಆಡಿದರೆ ಒಳ್ಳೆಯ ಓಪನ್ ಶಾಟ್ ಸಿಗಬಹುದು, ನಿಜ. ಆದರೆ ಪಾಸ್ ಜಾಸ್ತಿಯಾದಷ್ಟೂ ಯಾರಾದರೂ ಅಡ್ಡ ಬಂದು ಕಿತ್ತುಕೊಳ್ಳುವ ಭಯವೂ ಜಾಸ್ತಿ. ನಮಗೆ ಬರಬೇಕಾದ ಎರಡು ಅಂಕ ಅವರಿಗೆ ಹೋಗುತ್ತದೆ.

ಇದರಲ್ಲೇ ಇನ್ನೊಂದು ಜಾಣತನ ಇದೆ, ಟೂ ಫಾರ್ ಒನ್ ಅನ್ನುತ್ತಾರೆ. 32 ಸೆಕೆಂಡ್ ಇರುವಾಗಲೇ ಶಾಟ್ ಹೊಡೆದುಬಿಟ್ಟರೆ, ಎದುರಾಳಿ ತನ್ನ 24 ಸೆಕೆಂಡನ್ನು ಪೂರ್ತಿ ತಿಂದರೂ ಕೊನೆಗೆ ನಾಲ್ಕಾರು ಸೆಕೆಂಡ್ ನಮಗೇ. ನಮಗೆ ಎರಡು ಅವಕಾಶ, ಅವರಿಗೆ ಒಂದು. ಸುಮ್ನೆ ಅವಸರ ಮಾಡಿದ ಹಾಗೆ ಕಾಣುವ ಶಾಟ್‌ನ ಹಿಂದೆ ಎಷ್ಟೋ ಸಲ ಈ ಲೆಕ್ಕ ಇರುತ್ತದೆ.

ನಮ್ಮ ಗುಂಪಿನಲ್ಲಿ ಈ ಜಗಳ ಮುಗಿಯುವುದೇ ಇಲ್ಲ. ಬೆಳಗ್ಗೆ ಎದ್ದು ಅಮೆರಿಕದ ಎನ್‌ಬಿಎ ಲೀಗ್ ನೋಡಿ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಇದೇ ಮಾತು. ಒಬ್ಬ ಗೆಳೆಯನಿದ್ದಾನೆ, ಹಳೇ ಪಾಯಿಂಟ್ ಗಾರ್ಡ್, ಅಂದರೆ ಪಾಸ್ ಕೊಟ್ಟು ಆಟ ನಡೆಸುವವನು, ಐಸೋ ಅಂದರೆ ಅವನಿಗೆ ಮೈ ಉರಿ. 2014ರ ಫೈನಲ್ಸ್‌ನಲ್ಲಿ ಸ್ಯಾನ್ ಆಂಟೋನಿಯೊ ತಂಡ ಬರೀ ಪಾಸ್ ಆಡಿಯೇ ಮಯಾಮಿಯನ್ನು 4-1ರಿಂದ ಮಣ್ಣು ಮುಕ್ಕಿಸಿತು ಅಂತ ಎತ್ತಿ ಹೇಳುತ್ತಾನೆ. ಒಪ್ಪೋಣ. ಆದರೆ ಅದೇ ತಂಡದಲ್ಲಿ ಬೆಂಚಿನಿಂದ ಎದ್ದು ಬರುತ್ತಿದ್ದವನು ಮಾನು ಜಿನೋಬಿಲಿ. 2008ರಲ್ಲಿ ಸಿಕ್ಸ್ತ್ ಮ್ಯಾನ್, ಅಂದರೆ ಬೆಂಚಿನಿಂದ ಬರುವ ಅತ್ಯುತ್ತಮ ಆಟಗಾರನ ಪ್ರಶಸ್ತಿ ಗೆದ್ದವನು, ಚೆಂಡು ಕೈಗೆ ಸಿಕ್ಕರೆ ಯಾರನ್ನೂ ಕೇಳದೆ ನುಗ್ಗುವವನು. ಅಂಥ ಒಬ್ಬ ಬೆಂಚಿನಲ್ಲಿ ಇದ್ದಾನೆ ಅನ್ನುವ ಧೈರ್ಯ ಆ ಪಾಸ್‌ಗಳ ಹಿಂದೆ ಇತ್ತು ಅನ್ನುವುದು ನನ್ನ ವಾದ. ಆ ಗೆಳೆಯ ಇವತ್ತಿಗೂ ಒಪ್ಪಿಲ್ಲ.

ಬೆಂಚಿನವನು ಅಂದರೆ ಎರಡನೇ ದರ್ಜೆಯವನು ಅನ್ನುವ ಭಾವನೆಯೇ ತಪ್ಪು. ಜಮಾಲ್ ಕ್ರಾಫರ್ಡ್ 2010, 2014, 2016ರಲ್ಲಿ ಆ ಪ್ರಶಸ್ತಿ ತೆಗೆದುಕೊಂಡ. ಲೂ ವಿಲಿಯಮ್ಸ್ 2015, 2018, 2019ರಲ್ಲಿ. ಇಬ್ಬರೂ ಒಮ್ಮೆಯೂ ತಾರೆಯರ ಆಲ್ ಸ್ಟಾರ್ ಪಂದ್ಯಕ್ಕೆ ಆಯ್ಕೆಯಾಗಲಿಲ್ಲ, ಆದರೂ ಎದುರಾಳಿ ಕೋಚ್‌ಗಳ ನಿದ್ದೆ ಕೆಡಿಸಿದರು. ಈಚಿನ ಉದಾಹರಣೆ ಬೇಕಾದರೆ ಬಾಸ್ಟನ್‌ನ ಪೇಟನ್ ಪ್ರಿಚರ್ಡ್. ಆರು ಅಡಿ ಒಂದು ಇಂಚು, ಆ ಲೀಗ್‌ನಲ್ಲಿ ಗಿಡ್ಡನೇ. 2024ರ ಫೈನಲ್ಸ್‌ನಲ್ಲಿ ಡಲ್ಲಾಸ್ ವಿರುದ್ಧ ಎರಡನೇ ಪಂದ್ಯದ ಮೂರನೇ ಕ್ವಾರ್ಟರ್ ಮುಗಿಯುವಾಗ ಅವನನ್ನು ಕೆಲವೇ ಸೆಕೆಂಡಿಗೆಂದು ಒಳಗೆ ಕಳಿಸಿದರು, ದೂರದಿಂದ ಎಸೆದ ಚೆಂಡು ಬೋರ್ಡಿಗೆ ತಾಗಿ ಒಳಗೆ ಬಿತ್ತು. ಐದನೇ ಪಂದ್ಯದಲ್ಲಿ ಅರ್ಧ ಆಟ ಮುಗಿಯುವಾಗ ಹೆಚ್ಚುಕಡಿಮೆ ಅಂಕಣದ ಮಧ್ಯದಿಂದಲೇ ಇನ್ನೊಂದು. ಅವತ್ತೇ ಬಾಸ್ಟನ್ ಚಾಂಪಿಯನ್ ಆಯಿತು. ಮರುವರ್ಷ ಪ್ರಶಸ್ತಿಯೂ ಅವನಿಗೇ ಬಂತು. ಅವು ಐಸೋ ಅಲ್ಲ, ಬರೀ ದೂರದ ಎಸೆತ, ಗೊತ್ತು. ಆದರೆ ಕೆಲಸ ಒಂದೇ: ತಣ್ಣಗೆ ಕೂತಿದ್ದವನು ಎದ್ದು ಬಂದು, ಗಡಿಯಾರ ಓಡುತ್ತಿರುವಾಗ ಹೆದರದೆ ಕೈ ಎತ್ತಬೇಕು. ತಪ್ಪಿದರೆ ತಮ್ಮ ಶಾಟ್‌ಗಳ ಶೇಕಡಾವಾರು ಲೆಕ್ಕ ಕೆಡುತ್ತದೆ ಅಂತ ಎನ್‌ಬಿಎಯ ದೊಡ್ಡ ದೊಡ್ಡ ಆಟಗಾರರೇ ಬಜರ್ ಆದ ಮೇಲೆ ಚೆಂಡು ಬಿಟ್ಟು ಜಾರಿಕೊಳ್ಳುತ್ತಿದ್ದರು. ಕೊನೆಗೆ 2025-26ರ ಸೀಸನ್‌ನಿಂದ ಮೊದಲ ಮೂರು ಕ್ವಾರ್ಟರ್‌ಗಳ ಕೊನೆಯ ಅಂಥ ದೂರದ ಎಸೆತ ತಪ್ಪಿದರೆ ಆಟಗಾರನ ಲೆಕ್ಕಕ್ಕೆ ಸೇರಿಸುವುದನ್ನೇ ನಿಲ್ಲಿಸಿದರು. ಅಲ್ಲೇ ಹೀಗಿರುವಾಗ ನಮ್ಮ ಹುಡುಗರು ಧೈರ್ಯ ಮಾಡುವುದೇ ದೊಡ್ಡದು.

ಹಾಗಂತ ನಮ್ಮ ಕೋಚ್‌ಗಳು ಮಾಡುವುದೆಲ್ಲ ಸರಿ ಅಂತಲ್ಲ. ಮೊಬೈಲ್‌ನಲ್ಲಿ ಎನ್‌ಬಿಎ ನೋಡಿ ಹಾಗೇ ಇಲ್ಲಿಗೆ ಇಳಿಸುತ್ತಾರೆ. ಅಲ್ಲಿ ಡಿಫೆನ್ಸ್ ಮಾಡುವವನು ಯಾರಿಗೂ ಕಾವಲು ನಿಲ್ಲದೆ ಪೇಂಟ್ ಒಳಗೆ, ಅಂದರೆ ಬುಟ್ಟಿಯ ಮುಂದಿನ ಬಣ್ಣದ ಚೌಕದೊಳಗೆ, ಮೂರು ಸೆಕೆಂಡ್‌ಗಿಂತ ಹೆಚ್ಚು ನಿಲ್ಲುವಂತಿಲ್ಲ. ಇಲ್ಲಿ ನಡೆಯುವುದು ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮ, ಅದರಲ್ಲಿ ಆ ಕಟ್ಟುಪಾಡಿಲ್ಲ. ಎತ್ತರದವನೊಬ್ಬ ಬುಟ್ಟಿಯ ಕೆಳಗೆ ಆರಾಮವಾಗಿ ನಿಂತಿರುತ್ತಾನೆ, ನಮ್ಮ ಹುಡುಗ ಎದುರಿಗಿದ್ದವನನ್ನು ದಾಟಿ ನೇರ ಅವನ ಕೈಗೇ ಹೋಗಿ ಬೀಳುತ್ತಾನೆ. ಹಾಗಿದ್ದಾಗ ಒಂದು ಸ್ಕ್ರೀನ್ ಆದರೂ ಹಾಕಿಸಬೇಕು, ಅಂದರೆ ನಮ್ಮವನೊಬ್ಬ ಅಡ್ಡ ನಿಂತು ಎದುರಾಳಿಯನ್ನು ತಡೆಯಬೇಕು, ಮೂಲೆಯಲ್ಲಿ ನಿಂತವನು ಶಾಟ್ ಹೊಡೆಯಬಲ್ಲವನಾಗಿರಬೇಕು. ಎನ್‌ಬಿಎಯಲ್ಲಿ ಮೊದಲ ಮೂರು ಕ್ವಾರ್ಟರ್‌ಗಳ ಕೊನೇ ನಿಮಿಷದಲ್ಲೂ ಚೆಂಡು ಬುಟ್ಟಿಗೆ ಬಿದ್ದ ಕೂಡಲೇ ಗಡಿಯಾರ ನಿಲ್ಲುತ್ತದೆ. ಫಿಬಾದಲ್ಲಿ ಆ ಸೌಕರ್ಯ ನಾಲ್ಕನೇ ಕ್ವಾರ್ಟರ್ ಮತ್ತು ಓವರ್‌ಟೈಮ್‌ನ ಕೊನೇ ಎರಡು ನಿಮಿಷಕ್ಕೆ ಮಾತ್ರ. ಹಾಗಾಗಿ ಟೂ ಫಾರ್ ಒನ್‌ನಲ್ಲಿ ಉಳಿಯುವ ಆ ನಾಲ್ಕಾರು ಸೆಕೆಂಡ್, ಚೆಂಡನ್ನು ಹೊರಗಿನಿಂದ ಎಸೆದು ಮುಂದೆ ತರುವುದರಲ್ಲೇ ಕರಗಿಹೋಗುತ್ತದೆ. ಇದು ಕೋಚ್‌ಗೆ ಗೊತ್ತಿರಬೇಕು. ಬೈಗುಳ ಬೀಳಬೇಕಾದ್ದು ಅಲ್ಲಿ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಗಡಿಯಾರ. ಈಚೆಗೆ ನಮ್ಮೂರಲ್ಲೇ ಒಂದು ಟೂರ್ನಿ, ಯಾರದ್ದು ಅಂತ ಹೆಸರು ಬೇಡ. ಶಾಟ್ ಕ್ಲಾಕ್ ಇರಲೇ ಇಲ್ಲ. ಸ್ಕೋರ್ ಟೇಬಲ್ ಮೇಲೆ ಒಂದು ಸ್ಟಾಪ್‌ವಾಚ್, ಪಕ್ಕದಲ್ಲಿ ಅಂಕದ ಹಾಳೆ ಮಗುಚುವ ಹುಡುಗ, ಅಷ್ಟೇ. ಮೂರನೇ ಕ್ವಾರ್ಟರ್ ಕೊನೆಯಲ್ಲಿ ಒಬ್ಬ ಸಬ್‌ಸ್ಟಿಟ್ಯೂಟ್ ಚೆಂಡು ಬಡಿಯುತ್ತಾ ನಿಂತಿದ್ದ. ಟೇಬಲ್ ಕಡೆಯಿಂದ 'ಹದಿನೈದು' ಅಂತ ಒಂದು ಕೂಗು. ಅಷ್ಟರಲ್ಲಿ ಎದುರಾಳಿ ಕಡೆಯ ಹುಡುಗರು ಗ್ಯಾಲರಿಯಿಂದ ಬೇಕಂತಲೇ 'ಐದು, ನಾಲ್ಕು, ಮೂರು' ಅಂತ ಒಟ್ಟಿಗೆ ಎಣಿಸಲು ಶುರು ಮಾಡಿದರು. ಪಾಪ, ಅವನು ನಂಬಿಬಿಟ್ಟ. ಗಾಬರಿಯಲ್ಲಿ ದೂರದಿಂದ ಎಸೆದ, ರಿಂಗಿಗೂ ತಾಗಲಿಲ್ಲ. ಇನ್ನೂ ಸಮಯ ಬೇಕಾದಷ್ಟಿತ್ತು, ಅವರು ಓಡಿ ಹೋಗಿ ಬುಟ್ಟಿ ಹಾಕಿದರು. ಬೈಗುಳ ತಿಂದವನು ಅವನೇ. ಆ ಎಣಿಕೆಯ ತಮಾಷೆ ಎಲ್ಲ ಕಡೆ ಇದ್ದದ್ದೇ, ನನಗೂ ನಗು ಬರುತ್ತದೆ, ಆದರೆ ಕಣ್ಣೆತ್ತಿ ನೋಡಲು ಗಡಿಯಾರ ಇರುವ ಕಡೆ ಅದು ತಮಾಷೆ. ಇಲ್ಲದ ಕಡೆ ಮೋಸ.

ಟೂರ್ನಿ ನಡೆಸುವವರು ಟ್ರೋಫಿ, ಶಾಲು, ಹಾರ, ವೇದಿಕೆಗೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ, ಎರಡು ಬುಟ್ಟಿಯ ಕಡೆಗೂ ಕಾಣುವ ಹಾಗೆ 24 ಸೆಕೆಂಡಿನ ಡಿಸ್‌ಪ್ಲೇ ಬಾಡಿಗೆಗಾದರೂ ತರಲಿ. ಜೊತೆಗೆ ಟೀಮ್ ಫೌಲ್ ಎಷ್ಟಾಯಿತು ಅನ್ನುವ ಫಲಕ ನಮಗೂ ಕಾಣಬೇಕು. ಕ್ವಾರ್ಟರ್‌ನಲ್ಲಿ ಒಂದು ತಂಡದ ಐದನೇ ಫೌಲ್‌ನಿಂದ ಎದುರು ತಂಡಕ್ಕೆ ಎರಡು ಫ್ರೀ ಥ್ರೋ, ಅಂದರೆ ಯಾರೂ ತಡೆಯದ ಎಸೆತ. ಎದುರಾಳಿ ನಾಲ್ಕು ಫೌಲ್ ಮುಗಿಸಿದ್ದರೆ ಆ ಹುಡುಗ ನುಗ್ಗುವುದೇ ಸರಿ, ಮುಟ್ಟಲು ಅವರು ಹೆದರುತ್ತಾರೆ. ಇನ್ನೂ ಫೌಲ್ ಬಾಕಿ ಇದ್ದರೆ ಸುಮ್ನೆ ಹಿಡಿದು ನಿಲ್ಲಿಸುತ್ತಾರೆ, ಐಸೋ ಅಲ್ಲಿಗೇ ಮುಗಿಯಿತು. ನೋಡುವವರಿಗೆ ಇದು ಕಂಡರೆ ಅರ್ಧ ಬೈಗುಳ ತಾನಾಗಿ ನಿಲ್ಲುತ್ತದೆ.

ನಿಮ್ಮ ಪತ್ರಿಕೆಗೂ ಒಂದು ಕೋರಿಕೆ. ಜಿಲ್ಲೆಯ ಬಾಸ್ಕೆಟ್‌ಬಾಲ್ ಸುದ್ದಿ ಹಾಕುವಾಗ ಬರೀ ಅಂತಿಮ ಸ್ಕೋರ್ ಬೇಡ, ನಾಲ್ಕೂ ಕ್ವಾರ್ಟರ್‌ಗಳ ಸ್ಕೋರ್ ಹಾಕಿ, ಬೆಂಚಿನಿಂದ ಬಂದು ಅಂಕ ತಂದವನ ಹೆಸರನ್ನೂ ಹಾಕಿ. ಒಂದು ಸಾಲು ಜಾಸ್ತಿಯಾಗುತ್ತದೆ, ಅಷ್ಟೇ.

ಒಬ್ಬ ಓದುಗ,
ಸೋಮೇಶ್ವರಪುರಂ, ತುಮಕೂರು